ಇಂದಿನ ಧಮ್ಮ ಚಿಂತನೆ: ಬಿಸ್ಕತ್ತಿನ ಅಂಚು ಯಾರಿಗಾಗಿ?



ಡಿಸೆಂಬರ್ 25ರಂದು, ಮನುಸ್ಮೃತಿ ದಹನ ದಿನದ ಸಭೆಗೆ ನಮ್ಮ ಬಳಗದ ತಂಗಿಯೊಬ್ಬರು ಮನೆಯಲ್ಲೇ ಮಾಡಿದ ಬಿಸ್ಕತ್ತು ತಂದಿದ್ದರು. ಬೋಧಿ ಎಲೆಯ ಆಕಾರ. ಮೇಲೆ ಬಿಳಿ ಐಸಿಂಗ್, ಸುತ್ತ ನೀಲಿ ಅಂಚು, ನಡುವೆ ಎಲೆಯ ನರಗಳಂತೆ ಸಣ್ಣ ಸಣ್ಣ ಗೆರೆಗಳು. ರಾತ್ರಿ ಗುಂಪಿನಲ್ಲಿ ಅದರ ಫೋಟೋ ಬಂತು. ಹಿರಿಯ ಉಪಾಸಕರೊಬ್ಬರು ಕೆಳಗೆ ಹೀಗೆ ಬರೆದರು: "ಚೆನ್ನಾಗಿದೆ ತಾಯಿ. ಆದರೆ ಎರಡು ನಿಮಿಷದಲ್ಲಿ ತಿಂದು ಮುಗಿಸುವ ವಸ್ತುವಿಗೆ ಇಷ್ಟು ಅಲಂಕಾರ ಬೇಕೇ? ಅಷ್ಟಶೀಲದಲ್ಲಿ ಏನು ಹೇಳಿದೆ, ನೆನಪಿದೆಯಲ್ಲ?" ತಂಗಿ ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು. ಹಿರಿಯರು ಕೇಳಿದ್ದು ತಮಾಷೆಗಲ್ಲ, ಆದ್ದರಿಂದ ಅದನ್ನು ಅಲ್ಲಿಗೇ ಬಿಡುವುದೂ ಸರಿಯಲ್ಲ. ಇಂದು ಅದನ್ನೇ ಸ್ವಲ್ಪ ಕೂತು ನೋಡೋಣ.

ಐಸಿಂಗ್ ಮಾಡದವರಿಗಾಗಿ ಮೊದಲು ಕೆಲಸದ ಬಗ್ಗೆ ಎರಡು ಮಾತು. ನುಣ್ಣನೆಯ ಐಸಿಂಗ್ ಸಕ್ಕರೆಯನ್ನು ಹಾಲಿನಲ್ಲೋ ಮೊಟ್ಟೆಯ ಬಿಳಿಯಲ್ಲೋ ಕಲಸುತ್ತಾರೆ. ಅದನ್ನು ಎರಡು ಹದದಲ್ಲಿ ಮಾಡಿಕೊಳ್ಳಬೇಕು. ಗಟ್ಟಿ ಹದ ಅಂಚಿಗೆ, ತೆಳು ಹದ ಒಳಗೆ ತುಂಬುವುದಕ್ಕೆ. ತೆಳು ಹದ ಬಂದಿದೆಯೇ ಎಂದು ನೋಡಲು ಚಮಚದಿಂದ ಒಂದು ಗೆರೆ ಬಿಡುತ್ತಾರೆ. ಹತ್ತು ಹದಿನೈದು ಎಣಿಸುವಷ್ಟರಲ್ಲಿ ಆ ಗೆರೆ ಕರಗಿ ಸಮವಾಗಬೇಕು. ಬಟರ್ ಪೇಪರನ್ನು ಮೆಹೆಂದಿ ಕೋನಿನಂತೆ ಸುತ್ತಿ, ತುದಿ ಕತ್ತರಿಸಿ, ಮೊದಲು ಅಂಚು ಎಳೆಯಬೇಕು. ಅಂಚು ಇಲ್ಲದಿದ್ದರೆ ಒಳಗಿನದು ಹರಿದು ತಟ್ಟೆಗೆ ಇಳಿಯುತ್ತದೆ. ಮೂಲೆಗಳಿಗೆ ಹಲ್ಲುಕಡ್ಡಿಯಿಂದ ಎಳೆದು ತುಂಬಿಸಬೇಕು. ಬಿಸ್ಕತ್ತು ಪೂರ್ತಿ ಆರಿರಬೇಕು, ಬಿಸಿ ಇದ್ದರೆ ಎಲ್ಲ ಕರಗಿ ಹೋಗುತ್ತದೆ. ಆಮೇಲೆ ರಾತ್ರಿಯಿಡೀ ಒಣಗಬೇಕು. ಓವನ್ ಇಲ್ಲದವರು ಕುಕ್ಕರಿನ ತಳಕ್ಕೆ ಉಪ್ಪು ಹಾಕಿ, ಗ್ಯಾಸ್ಕೆಟ್, ವಿಷಲ್ ತೆಗೆದು ಬೇಯಿಸುತ್ತಾರೆ. ಒಂದು ಸಲಕ್ಕೆ ಏಳೆಂಟು ಬಂದರೆ ಹೆಚ್ಚು. ನಲವತ್ತು ಬಿಸ್ಕತ್ತು ಎಂದರೆ ಒಂದು ದಿನ, ಒಂದು ರಾತ್ರಿ.

ಇಷ್ಟು ಸಮಯ, ಇಷ್ಟು ಸಕ್ಕರೆ ಯಾಕೆ ಎಂಬ ಪ್ರಶ್ನೆಗೆ ಆಧಾರ ಇದೆ. ಅಷ್ಟಶೀಲದ ಏಳನೆಯ ಶೀಲ ಹಾಡು, ಕುಣಿತ, ಹೂಮಾಲೆ, ಸುಗಂಧ, ಲೇಪನ, ಅಲಂಕಾರಗಳಿಂದ ದೂರವಿರಲು ಹೇಳುತ್ತದೆ. ಭಿಕ್ಖುಗಳು ಊಟಕ್ಕೆ ಮೊದಲು ಮಾಡಿಕೊಳ್ಳುವ ಚಿಂತನೆಯಲ್ಲೂ ಮಂಡನ, ವಿಭೂಷಣ ಎಂಬ ಮಾತುಗಳು ಬರುತ್ತವೆ. ಆಟಕ್ಕಲ್ಲ, ಮದಕ್ಕಲ್ಲ, ಶೃಂಗಾರಕ್ಕಲ್ಲ, ಈ ದೇಹ ನಿಲ್ಲುವುದಕ್ಕಾಗಿ ಉಣ್ಣುತ್ತೇನೆ ಎಂಬುದು ಅದರ ಭಾವ.

ಆದರೆ ಓದುವಾಗ ನಿಧಾನವಾಗಿ ಓದಬೇಕು. ಊಟದ ಚಿಂತನೆ ಉಣ್ಣುವವನ ಬಗ್ಗೆ ಇದೆ. ಮೈಕೈ ತುಂಬಿಕೊಳ್ಳಲು, ಚೆಂದ ಕಾಣಲು ಉಣ್ಣಬೇಡ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಬಡಿಸುವವಳು ಹೇಗೆ ಬಡಿಸಬೇಕು ಎಂಬುದು ಅಲ್ಲಿಯ ವಿಷಯವಲ್ಲ. ಬಡಿಸುವವರ ಬಗ್ಗೆ ಸುತ್ತಗಳಲ್ಲಿ ಮತ್ತೆ ಮತ್ತೆ ಬರುವ ಮಾತೇ ಬೇರೆ. ಬುದ್ಧ ಮತ್ತು ಸಂಘವನ್ನು ಕರೆದ ಗೃಹಸ್ಥರು ಒಳ್ಳೆಯ ಖಾದ್ಯ, ಒಳ್ಳೆಯ ಭೋಜ್ಯ ಸಿದ್ಧಮಾಡಿ ತಮ್ಮ ಕೈಯಾರೆ ಬಡಿಸಿದರು ಎಂದೇ ಅಲ್ಲಿ ಹೇಳುತ್ತಾರೆ. ಖಾದ್ಯ ಎಂದರೆ ಅಗಿದು ತಿನ್ನುವಂಥದ್ದು. ನಮ್ಮ ತಂಗಿಯ ಬಿಸ್ಕತ್ತು ಆ ಪಟ್ಟಿಗೆ ಸಲೀಸಾಗಿ ಸೇರುತ್ತದೆ!

ಏಳನೆಯ ಶೀಲದ ಮಾತು ಇನ್ನೂ ಉಳಿದಿದೆ. ಅದರ ಬಗ್ಗೆ ನಾವು, ಬಾಬಾಸಾಹೇಬರ ಮಕ್ಕಳು, ಬೇರೆ ಯಾವ ಬೌದ್ಧರಿಗಿಂತ ಹೆಚ್ಚು ಯೋಚಿಸಬೇಕು. ಏಕೆಂದರೆ "ಅಲಂಕಾರ ಬೇಡ" ಎಂಬ ಮಾತನ್ನು ನಮ್ಮ ಹಿರಿಯರು ಧಮ್ಮದ ಬಾಯಿಂದ ಕೇಳುವುದಕ್ಕೆ ಮೊದಲು ಬೇರೆ ಬಾಯಿಂದ ಕೇಳಿದ್ದರು.

'ಜಾತಿ ವಿನಾಶ'ವನ್ನು ಓದಿದವರಿಗೆ ಇಂದೋರಿನ ಬಲಾಯಿಗಳ ಕಥೆ ಗೊತ್ತಿದೆ. 1928ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂದ ವರದಿಯನ್ನು ಬಾಬಾಸಾಹೇಬರು ಅಲ್ಲಿ ಎತ್ತಿ ತೋರಿಸುತ್ತಾರೆ. ಇಂದೋರ್ ಜಿಲ್ಲೆಯ ಕನಾರಿಯಾ, ಬಿಚೋಲಿ ಮುಂತಾದ ಊರುಗಳ ಮೇಲ್ಜಾತಿಯವರು ಬಲಾಯಿಗಳಿಗೆ ನಿಯಮಗಳ ಪಟ್ಟಿ ಹಾಕಿದರು. ಜರಿಯ ಅಂಚಿನ ಪೇಟ ಸುತ್ತಬಾರದು. ಬಣ್ಣದ ಅಂಚಿನ, ಚೆಂದದ ಅಂಚಿನ ಧೋತರ ಉಡಬಾರದು. ಹೆಂಗಸರು ಚಿನ್ನ ಬೆಳ್ಳಿ ಹಾಕಬಾರದು, ಚೆಂದದ ರವಿಕೆ ತೊಡಬಾರದು. ಕೂಲಿ ಕೇಳದೆ ಕೆಲಸ ಮಾಡಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಒಪ್ಪದಿದ್ದರೆ ಊರು ಬಿಡಬೇಕು.

ಗಮನಿಸಿ, ಬಟ್ಟೆ ಉಡಬೇಡಿ ಎಂದು ಅವರು ಹೇಳಲಿಲ್ಲ. ಬಟ್ಟೆ ಇರಲಿ, ಅಂಚು ಬೇಡ ಎಂದರು. ಒಂದು ಬೆರಳಗಲದ ಬಣ್ಣದ ಅಂಚಿನಿಂದ ಯಾರಿಗೆ ಏನು ನಷ್ಟ? ಮೈ ಮುಚ್ಚುವುದಕ್ಕೆ ಅಂಚು ಬೇಕಿಲ್ಲ. "ನಾನು ಬರೀ ಬದುಕಿರುವವನಲ್ಲ, ಚೆಂದವಾಗಿಯೂ ಬದುಕಬಲ್ಲವನು" ಎಂದು ಹೇಳುವುದಕ್ಕೆ ಅದು ಬೇಕು. ಅದನ್ನೇ ಅವರು ಸಹಿಸಲಿಲ್ಲ.

ಅದೇ ಪುಸ್ತಕದಲ್ಲಿ ಜೈಪುರ ಸಂಸ್ಥಾನದ ಚಕ್ವಾರಾ ಊರಿನ ಘಟನೆಯೂ ಇದೆ. 1936ರದ್ದು. ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನ ಜನರಿಗೆ ಊಟ ಹಾಕಿಸಿದ. ಬಡಿಸಿದ ಅಡುಗೆಯಲ್ಲಿ ತುಪ್ಪ ಇತ್ತು. ನೂರಾರು ಜನ ಲಾಠಿ ಹಿಡಿದು ಬಂದು ಅನ್ನ ಚೆಲ್ಲಾಡಿ, ಉಣ್ಣುತ್ತಿದ್ದವರನ್ನು ಬಡಿದು ಓಡಿಸಿದರು. ಉಂಡದ್ದು ತಮ್ಮದೇ ದುಡ್ಡಿನ ಊಟ, ಬಡಿಸಿದ್ದು ತಮ್ಮವರಿಗೇ. ತಪ್ಪು ಒಂದೇ, ಅನ್ನದ ಮೇಲೆ ತುಪ್ಪ ಬಿತ್ತು. ಬಿಸ್ಕತ್ತಿನ ಮೇಲಿನ ಸಕ್ಕರೆಯೂ ಹಾಗೆಯೇ ಹೊಟ್ಟೆಗೆ ಬೇಕಾದದ್ದಲ್ಲ, ಮೇಲೆ ಬೀಳುವಂಥದ್ದು. ಆ ಲಾಠಿಗಳು ಎದ್ದದ್ದು ಆ "ಮೇಲಿನದಕ್ಕೆ".

1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಚಂಡಾಲರಿಗೆ ಹಾಕಿದ ವಿಧಿಗಳನ್ನೂ ಒಮ್ಮೆ ನೆನೆಯಿರಿ. ಊರ ಹೊರಗೆ ವಾಸ, ಹೆಣದ ಬಟ್ಟೆ, ಕಬ್ಬಿಣದ ಒಡವೆ, ಒಡೆದ ಪಾತ್ರೆಯಲ್ಲಿ ಅನ್ನ. ಒಡವೆ ಎಂಥದ್ದಿರಬೇಕು, ತಟ್ಟೆ ಎಂಥದ್ದಿರಬೇಕು ಎಂದು ಬರೆದಿಟ್ಟವರಿಗೆ ಅಲಂಕಾರದ ಬೆಲೆ ಚೆನ್ನಾಗಿ ಗೊತ್ತಿತ್ತು. ಆ ಗ್ರಂಥ ಸುಟ್ಟ ದಿನದಂದೇ ನಮ್ಮ ಸಭೆಯ ತಟ್ಟೆಗೆ ನೀಲಿ ಅಂಚಿನ ಬಿಸ್ಕತ್ತು ಬಂದಿದೆ. ತಂಗಿ ಇದನ್ನು ಯೋಚಿಸಿ ಮಾಡಿದರೋ ಇಲ್ಲವೋ, ನನಗಂತೂ ಹೊಂದಿಕೆಯಾಗಿಯೇ ಕಂಡಿತು.

ಈಗ ಶೀಲಕ್ಕೆ ಬರೋಣ. ಉಪೋಸಥದ ದಿನ ಬಿಳಿ ಬಟ್ಟೆ ಉಟ್ಟು "ಅಲಂಕಾರದಿಂದ ವಿರತನಾಗುತ್ತೇನೆ" ಎಂದು ಹೇಳುವವನು ಯಾರು? ಅಲಂಕಾರ ಮಾಡಿಕೊಳ್ಳಬಲ್ಲವನು. ತನ್ನ ಬಾಯಿಂದ, ತನ್ನ ಮನಸ್ಸಿನಿಂದ, ಒಂದು ದಿನದ ಮಟ್ಟಿಗೆ ಅದನ್ನು ಬಿಡುತ್ತಾನೆ, ತನ್ನ ಆಸೆಯನ್ನು ತಾನೇ ನೋಡಿಕೊಳ್ಳಲು. ಇಂದೋರಿನ ಬಲಾಯಿಗೆ ಆ ಆಯ್ಕೆ ಇರಲಿಲ್ಲ. ಕೈಯಲ್ಲಿ ಇಲ್ಲದ್ದನ್ನು ಯಾರೂ ತ್ಯಾಗ ಮಾಡಲಾರರು. ಕಸಿದುಕೊಂಡದ್ದನ್ನು ತ್ಯಾಗ ಎಂದು ಕರೆದರೆ ಅದು ಕಸಿದವನ ಮಾತಾಗುತ್ತದೆ. ಶಬ್ದ ಒಂದೇ ಇದ್ದರೂ, ತಾನಾಗಿ ತೆಗೆದುಕೊಂಡ ವ್ರತವನ್ನೂ ಬೇರೆಯವರು ಹೇರಿದ ನಿಷೇಧವನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಹಾಗಾಗಿ ನಮ್ಮ ಹೆಣ್ಣುಮಗಳೊಬ್ಬಳು ತನ್ನ ಅಡುಗೆಮನೆಯಲ್ಲಿ ಅಂಚು ಎಳೆಯುತ್ತಿರುವಾಗ ಅವಳಿಗೆ ಏಳನೆಯ ಶೀಲವನ್ನು ಹೊರಗಿನಿಂದ ನೆನಪಿಸಬಾರದು ಎಂಬುದು ನನ್ನ ಅಭಿಪ್ರಾಯ. ಹಿರಿಯರು ಕ್ಷಮಿಸಬೇಕು. ದಿನನಿತ್ಯದ ಪಂಚಶೀಲದಲ್ಲಿ ಅಲಂಕಾರದ ಮಾತೇ ಇಲ್ಲ. ಅಷ್ಟಶೀಲವನ್ನು ಅವಳೇ ತೆಗೆದುಕೊಳ್ಳುವ ದಿನ ಅವಳೇ ಕೋನನ್ನು ಕೆಳಗಿಡುತ್ತಾಳೆ.

ಹಾಗಾದರೆ ಅಲಂಕಾರವೆಲ್ಲ ವಿಮೋಚನೆಯೇ? ಅಷ್ಟು ಸುಲಭವಾಗಿದ್ದರೆ ಬಾಬಾಸಾಹೇಬರು ಅದೇ ಡಿಸೆಂಬರಿನ ಮಹಾಡ್ ಪರಿಷತ್ತಿನಲ್ಲಿ ಹೆಣ್ಣುಮಕ್ಕಳಿಗೆ ಆ ಮಾತು ಹೇಳುತ್ತಿರಲಿಲ್ಲ. ಕತ್ತಿನ ತುಂಬ, ಮೊಣಕೈವರೆಗೆ ಹೇರಿಕೊಂಡ ಲೋಹದ ಒಡವೆಗಳನ್ನು ಬಿಡಿ, ಸೀರೆ ಉಡುವ ರೀತಿ ಬದಲಿಸಿ ಎಂದರು. ನೋಡಿದ ಕೂಡಲೇ "ಇವಳು ಅಸ್ಪೃಶ್ಯಳು" ಎಂದು ಗುರುತು ಹೇಳುವುದು ಅವೇ ಎಂಬುದು ಅವರ ಕಾರಣ. ಅಂದರೆ ಒಡವೆಯನ್ನು ಒಡವೆ ಎಂಬ ಕಾರಣಕ್ಕೆ ಅವರು ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಇದು ತೊಟ್ಟವರನ್ನು ಎಲ್ಲಿ ನಿಲ್ಲಿಸುತ್ತದೆ ಎಂದು ಕೇಳಿದರು. ನಾವೂ ಐಸಿಂಗಿಗೆ ಅದೇ ಪ್ರಶ್ನೆ ಕೇಳಬೇಕು. ಈ ಅಂಚು ಯಾರನ್ನು ಎಲ್ಲಿ ನಿಲ್ಲಿಸುತ್ತದೆ?

ಒಂದು ಬಗೆಯ ಐಸಿಂಗ್ ಮುಚ್ಚುವುದಕ್ಕೆ ಇರುತ್ತದೆ. ತಳ ಸೀದ ಬಿಸ್ಕತ್ತಿನ ಮೇಲೆ ದಪ್ಪನೆ ಬಿಳಿ ಬಳಿದರೆ ಫೋಟೋದಲ್ಲಿ ಗೊತ್ತಾಗುವುದಿಲ್ಲ, ಬಾಯಲ್ಲಿ ಗೊತ್ತಾಗುತ್ತದೆ. ಇನ್ನೊಂದು ಬಗೆಯದು ಪೈಪೋಟಿಗೆ. ಪಕ್ಕದವರ ಮಗುವಿನ ಹುಟ್ಟುಹಬ್ಬಕ್ಕೆ ಎರಡಂತಸ್ತಿನ ಕೇಕು ಬಂತೆಂದು ನಾವು ಮೂರಂತಸ್ತಿನದಕ್ಕೆ ಸಾಲ ಮಾಡುವುದು. ಬುದ್ಧ ಅನಾಥಪಿಂಡಿಕನಿಗೆ ಗೃಹಸ್ಥನ ಸುಖಗಳನ್ನು ಹೇಳುವಾಗ ಸಾಲವಿಲ್ಲದಿರುವುದನ್ನೂ ಒಂದು ಸುಖ ಎಂದು ಎಣಿಸಿದ್ದಾನೆ. ಅದರ ಮೇಲೆ ನಾನು ಹೆಚ್ಚು ಹೇಳಬೇಕಿಲ್ಲ. (ಬಾಬಾಸಾಹೇಬರ ಮುಖ ಅಚ್ಚು ಹಾಕಿಸಿದ ಕೇಕನ್ನು ಏಪ್ರಿಲ್ 14ಕ್ಕೆ ತಂದು ಮುಖದ ಮೇಲೆಯೇ ಚಾಕು ಇಡುವುದು ಕೂಡ ನನಗೆ ಹಿಡಿಸುವುದಿಲ್ಲ. ಹುಡುಗರು ಬೇಸರಿಸಬಾರದು. ಸಾಂಚಿಯ ಹಳೆಯ ಶಿಲ್ಪಿಗಳು ಬುದ್ಧನ ಮುಖ ಕೆತ್ತದೆ ಚಕ್ರ, ಬೋಧಿವೃಕ್ಷ, ಪಾದಗಳಲ್ಲೇ ಎಲ್ಲವನ್ನೂ ಹೇಳಿದರು. ತಂಗಿ ಎಲೆಯನ್ನು ಆರಿಸಿಕೊಂಡದ್ದು ಜಾಣತನ.)

ಸಾಂಚಿಯ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ಅಲ್ಲಿನ ದಕ್ಷಿಣ ತೋರಣದ ಕೆತ್ತನೆ ವಿದಿಶಾದ ದಂತದ ಕೆಲಸಗಾರರದ್ದು ಎಂದು ಅಲ್ಲಿಯ ಶಾಸನವೇ ಹೇಳುತ್ತದೆ. ಆನೆದಂತದಲ್ಲಿ ಸೂಕ್ಷ್ಮ ಕೆಲಸ ಮಾಡುತ್ತಿದ್ದ ಕೈಗಳು ಕಲ್ಲಿಗೆ ಅಂಚು ಕಟ್ಟಿದವು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ತೀರದ ಸನ್ನತಿಯ ಪಕ್ಕದ ಕನಗನಹಳ್ಳಿಗೆ ಹೋಗಿ ಬಂದವರು ಹೇಳಿ, ಆ ಫಲಕಗಳ ಅಲಂಕಾರ ಎಷ್ಟು ತಾಳ್ಮೆಯದು! ಅಶೋಕನ ಹೆಸರು ಬರೆದ ಅವನ ಚಿತ್ರ ಇರುವುದೂ ಅಲ್ಲಿಯೇ. ಅಲ್ಲಿ ದಾನಿಗಳ ಹೆಸರುಗಳೂ ಕಲ್ಲಿನಲ್ಲಿವೆ. ತ್ಯಾಗವನ್ನು ಹೇಳುವ ಧಮ್ಮದ ಸ್ತೂಪಕ್ಕೆ ಜನ ಇಷ್ಟು ಅಲಂಕಾರ ಮಾಡಿದ್ದು ಯಾಕೆ? ತಮಗೆ ಪೂಜ್ಯವಾದದ್ದಕ್ಕೆ ಬರಿಗಲ್ಲು ಕೊಡಲು ಮನಸ್ಸು ಬರಲಿಲ್ಲ, ಅಷ್ಟೇ.

ದಾನದ ಬಗ್ಗೆ ಅಂಗುತ್ತರ ನಿಕಾಯದಲ್ಲಿ ಒಂದು ಸಣ್ಣ ಸುತ್ತವಿದೆ. ಸತ್ಪುರುಷ ಹೇಗೆ ಕೊಡುತ್ತಾನೆ, ಅಸತ್ಪುರುಷ ಹೇಗೆ ಕೊಡುತ್ತಾನೆ ಎಂದು ಅದು ವಿವರಿಸುತ್ತದೆ. ಅಸತ್ಪುರುಷ ಅಸಡ್ಡೆಯಿಂದ ಕೊಡುತ್ತಾನೆ, ಗೌರವವಿಲ್ಲದೆ ಕೊಡುತ್ತಾನೆ, ತನ್ನ ಕೈಯಿಂದ ಕೊಡುವುದಿಲ್ಲ, ಎಸೆಯಬೇಕಾದದ್ದನ್ನು ಕೊಡುತ್ತಾನೆ. ಸತ್ಪುರುಷ ಇದಕ್ಕೆ ತಿರುಗುಮುರುಗು. ಎಷ್ಟು ಕೊಟ್ಟ ಎಂಬುದು ಅಲ್ಲಿ ಬರುವುದೇ ಇಲ್ಲ. ರಾತ್ರಿ ಹನ್ನೊಂದರವರೆಗೆ ಕೂತು, ಕತ್ತು ನೋಯಿಸಿಕೊಂಡು, ಕೈ ನಡುಗದಂತೆ ಉಸಿರು ಹಿಡಿದು ಎಲೆಗೆ ನರ ಬರೆಯುವುದನ್ನು ನಾನು ಆ "ಆದರದಿಂದ, ತನ್ನ ಕೈಯಿಂದ" ಎಂಬ ಮಾತಿನ ಪಕ್ಕದಲ್ಲೇ ಇಡುತ್ತೇನೆ. ತಿನ್ನುವವರಿಗೆ ಅದರಿಂದ ಹೊಟ್ಟೆ ಹೆಚ್ಚು ತುಂಬುವುದಿಲ್ಲ. ತಮಗಾಗಿ ಯಾರೋ ಕೂತಿದ್ದರು ಎಂದು ತಿಳಿಯುತ್ತದೆ.

ಆದರೆ ಮನೆಯಲ್ಲಿ ಮಾಡಿದ್ದನ್ನು ಹಂಚುವುದು ನಮ್ಮ ಜನಕ್ಕೆ ಇವತ್ತಿಗೂ ಸಲೀಸಾದ ಕೆಲಸವಲ್ಲ. ಅಂಗಡಿಯ ಪ್ಯಾಕೆಟ್ ಬಿಸ್ಕತ್ತಿಗೆ ಜಾತಿ ಇಲ್ಲ, ಮನೆಯಲ್ಲಿ ಕಲಸಿದ ಹಿಟ್ಟಿಗೆ ಇದೆ. ಎಷ್ಟೋ ಮನೆಗಳಲ್ಲಿ ಮೇಲ್ಜಾತಿಯ ಗೆಳೆಯರು ಬಂದರೆ ಪ್ಯಾಕೆಟ್ ಒಡೆಯುತ್ತೇವೆ, ಬಾಟಲಿ ತರಿಸುತ್ತೇವೆ. ಅವರಿಗೆ ಮುಜುಗರ ಆಗದಿರಲಿ ಎಂದೋ, ನಮಗೆ ಅವಮಾನ ಆಗದಿರಲಿ ಎಂದೋ. ದಲಿತರ ಮನೆಗೆ ಊಟಕ್ಕೆ ಬಂದ ನಾಯಕರಿಗೆ ಹೋಟೆಲಿನಿಂದ ಇಡ್ಲಿ ತರಿಸಿದ ಸುದ್ದಿಯೂ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಬಂದಿದೆ. ಊರೂರಿನ ಬೇಕರಿ ಬೋರ್ಡುಗಳಲ್ಲಿ ಒಂದು ಜಾತಿಯ ಹೆಸರು ರುಚಿಗೂ ಶುದ್ಧಿಗೂ ಖಾತರಿಯಂತೆ ರಾರಾಜಿಸುತ್ತದೆ. ನಮ್ಮ ಜಾತಿಯ ಹೆಸರನ್ನು ಬೋರ್ಡಿಗೆ ಬರೆದು ಬನ್ನು ಮಾರಿ ನೋಡಿ.

ಆದ್ದರಿಂದ ತಟ್ಟೆ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟುವುದು ಸಣ್ಣ ಧೈರ್ಯವಲ್ಲ. "ಇದಕ್ಕೆ ಮೊಟ್ಟೆ ಹಾಕಿದ್ದೀರಾ?" ಎಂಬ ಪ್ರಶ್ನೆ ಬರುತ್ತದೆ. ಕೆಲವರು ನಿಜಕ್ಕೂ ಮೊಟ್ಟೆಯ ಬಗ್ಗೆಯೇ ಕೇಳುತ್ತಾರೆ, ಅವರಿಗೆ ನಿಜ ಹೇಳಬೇಕು. ಬಿಳಿಗೆ ಮೊಟ್ಟೆ ಹಾಕಿದ್ದರೆ ಹಾಕಿದ್ದೇವೆ ಎನ್ನಬೇಕು, ಇಲ್ಲದಿದ್ದರೆ ನಾಲ್ಕನೆಯ ಶೀಲ ಹೋಯಿತು. ಇನ್ನು ಕೆಲವರ ಬಾಯಲ್ಲಿ ಮೊಟ್ಟೆ ಬರೀ ನೆಪ. ಹಾಲಿನಲ್ಲೇ ಕಲಸಿದ್ದು ಎಂದರೆ "ನಾವು ಸಿಹಿ ತಿನ್ನಲ್ಲ" ಎಂದು ಇನ್ನೊಂದು ನೆಪ ಸಿದ್ಧವಾಗಿರುತ್ತದೆ. ಅಂಥವರ ಮನೆಗೆ ಮತ್ತೆ ಮತ್ತೆ ತಟ್ಟೆ ಹೊರಬೇಕೇ? ಬೇಕಿಲ್ಲ ಎನ್ನುತ್ತೇನೆ. ಐಸಿಂಗನ್ನು ಇನ್ನಷ್ಟು ಚೆಂದ ಮಾಡಿದರೆ ಅವರು ತಿಂದಾರು ಎಂಬ ಆಸೆ ಒಂದಿದೆಯಲ್ಲ, ಅದು ಒಳಗೊಳಗೇ ನಮ್ಮನ್ನು ಸಣ್ಣವರನ್ನಾಗಿಸುತ್ತದೆ. ಯಾರ ಮೆಚ್ಚುಗೆಯಿಂದಲೋ ಮನುಷ್ಯರಾಗುತ್ತೇವೆ ಎಂದುಕೊಂಡರೆ ಆ ಅಂಚು ಕೂಡ ಕಬ್ಬಿಣದ ಒಡವೆಯೇ.

ಕಮ್ಮಾರರ ಚುಂದನನ್ನು ನೆನೆಯಿರಿ. ಬುದ್ಧ ಕೊನೆಯ ಊಟ ಮಾಡಿದ್ದು ಅವನ ಮನೆಯಲ್ಲಿ. ಅದಾದ ಮೇಲೆ ಕಾಯಿಲೆ ಹೆಚ್ಚಿತು. ಜನ ಚುಂದನನ್ನು ದೂರಿಯಾರು, ಅವನೇ ನೊಂದುಕೊಂಡಾನು ಎಂದು ಬುದ್ಧ ಮೊದಲೇ ಯೋಚಿಸಿದ. ಬೋಧಿಗೆ ಮೊದಲು ಉಂಡ ಊಟ, ಪರಿನಿಬ್ಬಾಣಕ್ಕೆ ಮೊದಲು ಉಂಡ ಊಟ, ಎರಡರ ಪುಣ್ಯವೂ ಸಮ ಎಂದು ಅವನಿಗೆ ಹೇಳುವಂತೆ ಆನಂದನಿಗೆ ತಿಳಿಸಿದ. ಕೊಟ್ಟವನ ಕೈಯ ಮಾನ ಉಳಿಸುವುದಕ್ಕೆ, ಸಾಯುವ ಹೊತ್ತಿನಲ್ಲೂ. ಅಂಥ ಗುರುವಿನ ಮನೆಯವರಾದ ಮೇಲೆ, ತಿರಸ್ಕರಿಸುವ ಬಾಗಿಲಿನ ಎದುರು ನಮ್ಮ ತಟ್ಟೆಯ ಬೆಲೆ ಕಡಿಮೆಯಾಯಿತು ಎಂದು ಯಾಕೆ ತಿಳಿಯಬೇಕು?

ಕೊನೆಯದಾಗಿ ಒಂದು ವಿಷಯವಿದೆ. ನನ್ನ ಲೆಕ್ಕದಲ್ಲಿ ಹಿರಿಯರು ಕೇಳಬೇಕಾಗಿದ್ದ ಪ್ರಶ್ನೆ ಇದು. ನಲವತ್ತು ಬಿಸ್ಕತ್ತು ಮಾಡಿದರೆ ಐದಾರು ಮುರಿಯುತ್ತವೆ. ಎರಡರ ಅಂಚು ಒಡೆದು ಬಿಳಿ ಹರಿದಿರುತ್ತದೆ. ಕೊನೆಗೆ ಐಸಿಂಗ್ ಸಾಲದೆ ಮೂರು ನಾಲ್ಕು ಬೋಳಾಗಿ ಉಳಿಯುತ್ತವೆ. ಚೆಂದದವು ಡಬ್ಬಿಗೆ ಹೋಗುತ್ತವೆ, ಆಫೀಸಿಗೆ, ಗೆಳತಿಯರಿಗೆ, ಫೋಟೋಗೆ. ಮುರಿದವು ಎಲ್ಲಿಗೆ ಹೋಗುತ್ತವೆ? ನೌಕರಿ ಸಿಕ್ಕಿ, ಲೇಔಟಿನಲ್ಲಿ ಮನೆ ಕಟ್ಟಿ, ಗೋಡೆಗೆ ಬುದ್ಧನ ಪಟ ಹಾಕಿದ ಮನೆಗಳಲ್ಲೂ ಅವು ಬೆಳಿಗ್ಗೆ ಕಸ ಒಯ್ಯಲು ಬರುವ ಪೌರಕಾರ್ಮಿಕ ತಾಯಿಯ ಕೈಗೆ, ಪಾತ್ರೆ ತೊಳೆಯುವ ಅಕ್ಕನ ಕೈಗೆ, ಒಂದು ಹಳೆಯ ಕವರಿನಲ್ಲಿ ಹೋಗುತ್ತವೆ. "ಹಾಳಾಗುವುದಕ್ಕಿಂತ ಅವರಾದರೂ ತಿನ್ನಲಿ" ಎನ್ನುತ್ತೇವೆ. ಪೊರಕೆ ಹಿಡಿದ ಆ ಕೈಗಳಲ್ಲಿ ಹೆಚ್ಚಿನವು ನಮ್ಮವರದ್ದೇ. 1927ರ ಮಾರ್ಚ್ ತಿಂಗಳ ಮಹಾಡ್ ಪರಿಷತ್ತಿನಲ್ಲಿ, ಎಸೆದ ತುಣುಕು ತಿನ್ನುವುದಿಲ್ಲ ಎಂದು ಪಣ ತೊಡಿ ಎಂದು ಬಾಬಾಸಾಹೇಬರು ಕರೆ ಕೊಟ್ಟದ್ದು ಇಂಥವರಿಗೇ. ಆಗ ಎಸೆಯುವವರು ಬೇರೆಯವರಾಗಿದ್ದರು.

ಸಿಗಾಲೋವಾದ ಸುತ್ತದಲ್ಲಿ ಯಜಮಾನನು ಕೆಲಸದವರಿಗೆ ಮಾಡಬೇಕಾದದ್ದನ್ನು ಬುದ್ಧ ಎಣಿಸಿ ಹೇಳುತ್ತಾನೆ. ಶಕ್ತಿಗೆ ತಕ್ಕ ಕೆಲಸ ಕೊಡು, ಊಟ ಮತ್ತು ಕೂಲಿ ಕೊಡು, ಕಾಯಿಲೆಯಾದರೆ ನೋಡಿಕೋ, ಹೊತ್ತಿಗೆ ಸರಿಯಾಗಿ ಬಿಡುವು ಕೊಡು. ಇವುಗಳ ನಡುವೆ ಇನ್ನೊಂದು ಇದೆ: ಅಪರೂಪದ ರುಚಿಯ ತಿನಿಸು ಬಂದಾಗ ಅವರೊಂದಿಗೆ ಹಂಚಿಕೋ. ಕೂಲಿ, ಊಟ ಆಗಲೇ ಬೇರೆ ಎಣಿಸಿಯಾಗಿದೆ. ಅದರ ಮೇಲೆ ಇದು. ಹೊಟ್ಟೆಗೆ ಬೇಕಾದದ್ದನ್ನು ಕೊಟ್ಟು ಮುಗಿಯಿತು ಎನ್ನಬೇಡ, ಚೆಂದದ್ದರಲ್ಲೂ ಪಾಲು ಕೊಡು ಎಂದು ಎರಡೂವರೆ ಸಾವಿರ ವರ್ಷಗಳ ಹಿಂದೆ ಹೇಳಿದ ಮಾತು.

ಹಾಗಾಗಿ ಮಾಡುವ ಮೊದಲೇ ಎಣಿಸಿಟ್ಟುಕೊಳ್ಳುವುದು ಒಳ್ಳೆಯದು. ಡಬ್ಬಿ ತುಂಬುವಾಗ ಮೊದಲ ಡಬ್ಬಿ ಪೌರಕಾರ್ಮಿಕ ತಾಯಿಯದ್ದಾಗಲಿ. ಅಂಚು ಸರಿಯಾಗಿ ಕೂತ, ನರಗಳು ನೇರ ಬಂದ ಎಲೆಗಳನ್ನೇ ಅದರಲ್ಲಿಡಿ. ಗೇಟಿನ ಮೇಲೆ ಇಟ್ಟು ಬರದೆ ಕೈಗೆ ಕೊಡಿ, ಮನೆಯ ಮಕ್ಕಳಿಂದ ಕೊಡಿಸಿದರೆ ಇನ್ನೂ ಒಳ್ಳೆಯದು. ಮುರಿದವನ್ನು ಸಂಜೆಯ ಚಹಾಕ್ಕೆ ನಾವೇ ಅದ್ದಿ ತಿನ್ನೋಣ, ರುಚಿಗೆ ಏನೂ ಕಡಿಮೆಯಿಲ್ಲ.

ಬರುವ ಭಾನುವಾರ ಸಂಜೆಯ ಓದಿಗೆ ಸಿಗಾಲೋವಾದ ಸುತ್ತವನ್ನೇ ಇಟ್ಟುಕೊಳ್ಳೋಣ. ಪುಸ್ತಕ ಇಲ್ಲದವರು ಇರುವವರ ಪಕ್ಕ ಕೂರಬಹುದು. ಬಿಸ್ಕತ್ತು ಮಾಡುವ ಕ್ರಮ ಕೇಳಿದವರಿಗೆ ತಂಗಿ ಅಂದೇ ಹೇಳಿಕೊಡುತ್ತಾರಂತೆ. ನೀಲಿ ಬಣ್ಣ ನಾಲಿಗೆಗೆ ಅಂಟುತ್ತದೆ, ಮಕ್ಕಳು ನಗುತ್ತಾರೆ, ಸಿದ್ಧರಾಗಿ ಬನ್ನಿ.

ನಮೋ ಬುದ್ಧಾಯ. ಜೈ ಭೀಮ್.